ಕಲಿಸದೆ ಬಾರದ ಗದ್ಯ

ಕಾಲೇಜಿಗೆ ಬರುವ ಹುಡುಗರಿಗೆ ನೆಟ್ಟಗೆ ಒಂದು ಪುಟ ಬರೆಯಲು ಬರುವುದಿಲ್ಲ ಎಂಬ ದೂರು ಇಂದಿನದಲ್ಲ. ಅಮೆರಿಕದ ಹಾರ್ವರ್ಡ್ 1874ರಲ್ಲಿ ತನ್ನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಶೇಕ್ಸ್‌ಪಿಯರ್, ಗೋಲ್ಡ್‌ಸ್ಮಿತ್, ಸ್ಕಾಟ್ ಇವರ ಕೆಲವು ಕೃತಿಗಳನ್ನು ಮುಂಚಿತವಾಗಿ ಗೊತ್ತುಪಡಿಸಿ, ಅವುಗಳಿಂದಲೇ ವಿಷಯ ಕೊಟ್ಟು, ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ ಎಲ್ಲವೂ ಸರಿಯಿರುವ ಚಿಕ್ಕ ಪ್ರಬಂಧವನ್ನು ಕೇಳಿತು. ಐದು ವರ್ಷದ ಮೇಲೆ ಪ್ರಾಧ್ಯಾಪಕ ಆಡಮ್ಸ್ ಶೆರ್ಮನ್ ಹಿಲ್ ಲೆಕ್ಕ ಒಪ್ಪಿಸಿದಾಗ, ಬರೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಪಾಸಾಗಿದ್ದರು. ಇವರು ಬಹುಪಾಲು ಅನುಕೂಲಸ್ಥರ ಮಕ್ಕಳು, ಒಳ್ಳೆಯ ಶಾಲೆಗಳಲ್ಲಿ ಓದಿ ಬಂದವರು. ಪರೀಕ್ಷೆ ನಡೆದದ್ದೂ ಮನೆಮಾತಿನಲ್ಲೇ. ಓದಿದ್ದನ್ನು ತೂಗಿ, ಆಧಾರ ಕೊಟ್ಟು, ವಾದ ಕಟ್ಟುವ ವಿಶ್ವವಿದ್ಯಾಲಯದ ಗದ್ಯ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಅದನ್ನು ವಿಶ್ವವಿದ್ಯಾಲಯವೇ ಕೂರಿಸಿ ಕಲಿಸಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಹಾರ್ವರ್ಡ್ ಅದನ್ನು ಅರ್ಧ ಮನಸ್ಸಿನಿಂದ ಒಪ್ಪಿಕೊಂಡಿತು. ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅವರ ಕಾಲದಲ್ಲಿ ಒಂದೊಂದೇ ವಿಷಯ ಐಚ್ಛಿಕವಾಗುತ್ತಿದ್ದಾಗಲೂ, 1885ರಲ್ಲಿ ಮೊದಲ ವರ್ಷಕ್ಕೆ ಬಂದ 'ಇಂಗ್ಲಿಷ್ ಎ' ಎಂಬ ಬರವಣಿಗೆಯ ತರಗತಿ ಕಡ್ಡಾಯವಾಗಿಯೇ ಉಳಿಯಿತು. ಆದರೆ 1892ರಲ್ಲಿ ಇದನ್ನು ಪರಿಶೀಲಿಸಿ ವರದಿ ಕೊಟ್ಟ ಸಮಿತಿಯ ಮೂವರಲ್ಲಿ ಒಬ್ಬರೂ ಮೇಷ್ಟ್ರಲ್ಲ. ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ರೈಲ್ವೆ ಕಂಪನಿ ನಡೆಸಿದ್ದವರು, ಗಾಡ್ಕಿನ್ ಪತ್ರಿಕಾ ಸಂಪಾದಕರು, ಜೋಸಾಯ ಕ್ವಿನ್ಸಿ ವಕೀಲರು. ವಿದ್ಯಾರ್ಥಿಗಳ ಕೈಬರಹದ ಹಾಳೆಗಳನ್ನು ಅವರು ಚಿತ್ತುಕಾಟಿನ ಸಮೇತ ಯಥಾಪ್ರತಿಯಾಗಿ ಅಚ್ಚು ಹಾಕಿಸಿದರು. ತಪ್ಪೆಲ್ಲ ಶಾಲೆಗಳದ್ದು, ಈ ಕೆಲಸ ಕಾಲೇಜಿನದಲ್ಲ ಎಂಬುದು ಅವರ ತೀರ್ಮಾನ. ಈ ಆಕ್ಷೇಪಣೆ ಇಂದಿಗೂ ಜೀವಂತವಾಗಿದೆ, ಅದರಲ್ಲಿ ಸತ್ಯಾಂಶವೂ ಇದೆ. ಕಾಗುಣಿತ, ವಾಕ್ಯರಚನೆ ಶಾಲೆಯಲ್ಲೇ ಗಟ್ಟಿಯಾಗಬೇಕು, ಸರಿ. ಆದರೆ ಒಂದೇ ಘಟನೆಯ ಬಗ್ಗೆ ಇಬ್ಬರು ಇತಿಹಾಸಕಾರರು ಭಿನ್ನವಾಗಿ ಬರೆದಾಗ ಯಾರ ಮಾತಿಗೆ ಎಷ್ಟು ತೂಕ ಎಂದು ಬರೆದು ತೋರಿಸುವ ಕೆಲಸ ಆ ಇಬ್ಬರನ್ನೂ ಓದಬೇಕಾಗಿ ಬಂದಾಗಲೇ ಶುರುವಾಗುತ್ತದೆ. ಹೈಸ್ಕೂಲಿನಲ್ಲಿ ಆ ಸಂದರ್ಭವೇ ಅಪರೂಪ.

ಹಾರ್ವರ್ಡಿನ ಮದ್ದಿನಲ್ಲೂ ಒಂದು ಕೊರತೆಯಿತ್ತು. ಅಲ್ಲಿನ ಅಧ್ಯಾಪಕ ಬ್ಯಾರೆಟ್ ವೆಂಡೆಲ್ ತಮ್ಮ ವಿದ್ಯಾರ್ಥಿಗಳಿಂದ ದಿನಕ್ಕೊಂದು ಚಿಕ್ಕ ಬರಹ ಬರೆಸುತ್ತಿದ್ದರು. ಕಣ್ಣಿಗೆ ಬಿದ್ದದ್ದನ್ನು ಚುರುಕಾಗಿ ಹೇಳುವ ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಓದಿಗೂ ಬರಹಕ್ಕೂ 1874ರ ಪರೀಕ್ಷೆ ಹಾಕಿದ್ದ ಗಂಟು ಅಲ್ಲಿ ಸಡಿಲವಾಯಿತು.

ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಕಪ್ಪು ಮತ್ತು ಪೋರ್ಟೊ ರಿಕೊ ಮೂಲದ ವಿದ್ಯಾರ್ಥಿಗಳು 1969ರಲ್ಲಿ ಹೋರಾಟಕ್ಕಿಳಿದ ಮೇಲೆ, 1970ರಿಂದ ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ನಗರ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಜಾಗ ಸಿಕ್ಕಿತು. ಮಟ್ಟ ಕುಸಿಯಿತು ಎಂಬ ಕೂಗೆದ್ದಿತು. ಆ ಹೊತ್ತಿನಲ್ಲಿ ಮೀನಾ ಶಾಗ್ನೆಸಿ ಎಂಬ ಅಧ್ಯಾಪಕಿ, 1970ರಿಂದ 1974ರವರೆಗೆ ಹೊಸಬರು ಬರೆದಿದ್ದ ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಕೂತರು. 1977ರಲ್ಲಿ ಬಂದ ಅವರ ಪುಸ್ತಕ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್' ಆ ತಪ್ಪುಗಳನ್ನು ಎಣಿಸಿ ಕೈಬಿಡಲಿಲ್ಲ, ಒಂದೊಂದಕ್ಕೂ ಕಾರಣ ಹುಡುಕಿತು. ಪಂಡಿತರ ಗದ್ಯದ ಗತ್ತನ್ನು ಹಿಡಿಯಲು ಹೊರಟ ಹುಡುಗ ಉದ್ದನೆಯ ವಾಕ್ಯಕ್ಕೆ ಕೈಹಾಕುತ್ತಾನೆ, ನಡುವೆ ಕರ್ತೃ ಕಳೆದುಹೋಗುತ್ತದೆ, ಕ್ರಿಯಾಪದ ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಅದು ದಡ್ಡತನವಲ್ಲ, ಹೊಸದಾಗಿ ಕಲಿಯುವವನ ಪ್ರಯತ್ನ ಎಂದರು ಶಾಗ್ನೆಸಿ. ಇದು ತಪ್ಪಿಗೆ ಮಾಫಿ ಕೊಡುವ ಮಾತು ಎನ್ನುವವರು ಅವರ ಪುಸ್ತಕವನ್ನು ಬಿಡಿಸಿ ನೋಡಬೇಕು. ಅದರ ಬಹುಭಾಗ ತಿದ್ದುವುದು ಹೇಗೆ ಎಂಬುದಕ್ಕೇ ಮೀಸಲು. ತಿದ್ದುವವರು ಬೇಕು, ಅವರಿಗೆ ಸಂಬಳ ಬೇಕು, ಮಟ್ಟದ ಬಗ್ಗೆ ಕಾಳಜಿಯಿದ್ದವರು ಮೊದಲು ಕೇಳಬೇಕಾದದ್ದು ಅದನ್ನು. ಆದರೆ ನಗರ ವಿಶ್ವವಿದ್ಯಾಲಯದಲ್ಲಿ ಅದುವರೆಗಿದ್ದ ಉಚಿತ ಶಿಕ್ಷಣ 1976ರಲ್ಲಿ ನಿಂತಿತು. 1999ರಲ್ಲಿ ಆ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕಾಲೇಜುಗಳು ಹೀಗೆ ತಿದ್ದಿ ಕಲಿಸುವ ಪೂರಕ ತರಗತಿಗಳನ್ನು ಕೈಬಿಡಬೇಕೆಂಬ ನಿರ್ಧಾರವಾಯಿತು.

ಇದೆಲ್ಲ ಇಂಗ್ಲಿಷಿನ ರಗಳೆ, ಕನ್ನಡದಲ್ಲಿ ಪಾಠ ನಡೆದರೆ ಈ ತೊಡಕೇ ಇರುವುದಿಲ್ಲ ಎನ್ನುವವರು ನಮ್ಮಲ್ಲಿದ್ದಾರೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕುವೆಂಪು ಪದವಿ ತರಗತಿಗಳಿಗೆ ಕನ್ನಡ ಮಾಧ್ಯಮವನ್ನು ತಂದದ್ದು ದೊಡ್ಡ ಕೆಲಸ. ಹಳ್ಳಿಯ ಹುಡುಗ ಹುಡುಗಿಯರಿಗೆ ವಿಷಯವನ್ನು ತಮ್ಮ ಭಾಷೆಯಲ್ಲೇ ಯೋಚಿಸುವ ಹಕ್ಕು ಅದರಿಂದ ಬಂತು, ಆ ಹಕ್ಕನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಹಾರ್ವರ್ಡಿನ ಹುಡುಗರಿಗೆ ಮನೆಮಾತೊಂದೇ ಸಾಕಾಗಲಿಲ್ಲ, ನಮ್ಮ ಮಕ್ಕಳಿಗೂ ಸಾಕಾಗುವುದಿಲ್ಲ. ನೋಟ್ಸು ಬಾಯಿಪಾಠ ಮಾಡಿ ಬರೆದ ಉತ್ತರ ಕನ್ನಡದಲ್ಲಿದ್ದರೂ ನೋಟ್ಸೇ. ಬೇಕಾದದ್ದು ಪ್ರಥಮ ಬಿಎ ತರಗತಿಯ ವೇಳಾಪಟ್ಟಿಯಲ್ಲಿ ಒಂದು ಗಂಟೆ: ಎರಡು ಲೇಖನ ಓದಿಸಿ, ಒಂದು ಪುಟ ಬರೆಸಿ, ತಿದ್ದಿ, ಅದೇ ಪುಟವನ್ನು ಮತ್ತೊಮ್ಮೆ ಬರೆಸುವುದಕ್ಕೆ. ಜೊತೆಗೆ, ಅಷ್ಟು ಹಾಳೆಗಳನ್ನು ಓದಿ ತಿದ್ದಲು ಬಿಡುವಿರುವ ಮೇಷ್ಟ್ರು.