ಯಂತ್ರದೊಳಗಿನ ಯಗಟಿ: ಕನ್ನಡ ಲಿಪಿಯ ಗಣಕ ಚರಿತ್ರೆಯಲ್ಲಿ ಒಂದು ಊರ ಹೆಸರು

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಯಗಟಿಯ ಹೆಸರಿನಲ್ಲಿ ಕನ್ನಡ ಲಿಪಿಯ ಅಕ್ಷರಗಳು ಮೂರೇ. ಒತ್ತಕ್ಷರವಿಲ್ಲ, ದೀರ್ಘವಿಲ್ಲ, ಮಹಾಪ್ರಾಣವಿಲ್ಲ. ಬರೆಯಲು ಇಷ್ಟು ಸರಳವಾದ ಹೆಸರೂ ಯಂತ್ರದೊಳಗೆ ಹೋಗಿ ಹೊರಬರುವಾಗ ಏನೇನು ಆಗಬಲ್ಲದು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಆಧುನಿಕ ತಂತ್ರಜ್ಞಾನದೊಡನೆ ಜನಸಾಮಾನ್ಯರು ದಿನನಿತ್ಯ ಪಡುವ ಪಾಡನ್ನು ಬಳಕೆದಾರರ ಅನಭ್ಯಾಸವೆಂದು ಬಗೆಯುವುದು ವಾಡಿಕೆ. ಈ ಪಾಡಿನ ಬಹುಭಾಗ, ‘ಕನ್ನಡದ ಒಂದು ಅಕ್ಷರ ಎಂದರೇನು’ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ತಂತ್ರಜ್ಞರು ಕೊಟ್ಟ ಉತ್ತರಗಳು ಒಂದರ ಮೇಲೊಂದು ಕುಳಿತುದರ ಫಲವೆಂಬುದು ನಮ್ಮ ವಾದ. ಈ ಚರಿತ್ರೆಯನ್ನು ಅರಿಯದೆ ಗಣಕದಲ್ಲಿರುವ ಕನ್ನಡ ಪಠ್ಯವನ್ನು ಭಾಷಾಸಾಮಗ್ರಿಯೆಂದು ಬಳಸುವ ಸಂಶೋಧಕರೂ ಅದೇ ಪಾಡಿಗೆ ಗುರಿಯಾಗುತ್ತಾರೆ.

ಅಚ್ಚಿನ ಕಾಲದ ತೊಡಕುಗಳನ್ನು ಇಲ್ಲಿ ದೀರ್ಘವಾಗಿ ಚರ್ಚಿಸುವ ಅಗತ್ಯವಿಲ್ಲ. 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಬಂದುದರಿಂದ ಅಕ್ಷರವನ್ನು ತುಂಡರಿಸುವ ಪ್ರಸಂಗವೇ ಅದಕ್ಕೆ ಬರಲಿಲ್ಲ, ಕೈಬರಹವೇ ಕಲ್ಲಿನ ಮೇಲೆ ಮೂಡಿತು. ಅಚ್ಚುಮೊಳೆಗಳು ಬಂದ ಮೇಲೂ ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ನೂರಾರು ಮನೆಗಳಿದ್ದವು. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳದು. ಆ ಮಾಲೆಯ ಸಂಪುಟಗಳಲ್ಲಿ ರೋಮನ್ ಲಿಪಿಯ ಪಾಠದೊಡನೆ ಕನ್ನಡ ಲಿಪಿಯ ಪಾಠವೂ ಇದ್ದುದರಿಂದ, ಸಂದೇಹ ಬಂದಾಗ ಓದುಗನು ಎರಡನ್ನೂ ಹೋಲಿಸಿ ನೋಡಬಹುದಾಗಿತ್ತು. ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಮರಳಿ ಬರುವ ಅವಕಾಶವನ್ನು ಉಳಿಸಿಕೊಂಡ ಆ ಎಚ್ಚರ ಮುಂದೆ ಎಲ್ಲರಲ್ಲಿಯೂ ಉಳಿಯಲಿಲ್ಲ.

ತೊಡಕು ಮೊದಲಾದುದು ಬೆರಳಚ್ಚಿನಿಂದ. ಇಂಗ್ಲಿಷಿಗಾಗಿ ರೂಪುಗೊಂಡ ಯಂತ್ರದ ಐವತ್ತಕ್ಕೂ ಕಡಿಮೆ ಕೀಲಿಗಳಲ್ಲಿ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಡಗಬೇಕಾಗಿತ್ತು. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆ ಇದನ್ನು ಸಾಧಿಸಿತೆಂಬುದು ಸಣ್ಣ ಮಾತಲ್ಲ. ಆದರೆ ಸಾಧಿಸಿದ ಬಗೆ ಗಮನಾರ್ಹ: ಅಕ್ಷರವನ್ನು ಧ್ವನಿಯ ಘಟಕವಾಗಿ ಕಾಣದೆ ಆಕಾರದ ತುಂಡುಗಳಾಗಿ ಕಾಣಲಾಯಿತು. ತಲೆಕಟ್ಟು ಒಂದು ತುಂಡು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ಕಾಗದದ ಮೇಲೆ ಮೂಡಿದ ಒಡನೆ ಅವು ಕೂಡಿಕೊಂಡು ಅಕ್ಷರವಾಗುತ್ತಿದ್ದುದರಿಂದ ಈ ವಿಭಜನೆಯಿಂದ ಯಾರಿಗೂ ನಷ್ಟವಿರಲಿಲ್ಲ. ಕಾಗದವು ತನ್ನ ಮೇಲೆ ಯಾವ ಕೀಲಿ ಮೊದಲು ಬಿತ್ತೆಂಬುದನ್ನು ನೆನಪಿಡುವುದಿಲ್ಲ. ಗಣಕ ನೆನಪಿಡುತ್ತದೆ.

1990ರ ದಶಕದ ಕೊನೆಯಿಂದ ಕನ್ನಡಿಗರ ಕೈಗೆ ಗಣಕದಲ್ಲಿ ಬರೆಯುವ ಸಾಧನಗಳು ಸುಲಭವಾಗಿ ದೊರೆತವು. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಹಿಂದೆಯೇ ಬಂದು ಸರ್ಕಾರಿ ಕಚೇರಿಗಳನ್ನು ವ್ಯಾಪಿಸಿತು. ಈ ಸಾಧನಗಳಿಲ್ಲದಿದ್ದರೆ ಆಡಳಿತ ಕನ್ನಡವು ಗಣಕಕ್ಕೆ ಏರಲು ಇನ್ನೊಂದು ದಶಕ ಬೇಕಾಗುತ್ತಿತ್ತೆಂದು ನಾವು ಭಾವಿಸುತ್ತೇವೆ. ಆದರೆ ಅವುಗಳ ಅಂದಿನ ಅಕ್ಷರಶೈಲಿಗಳು ರೋಮನ್ ಲಿಪಿಗೆಂದು ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಖಂಡಗಳನ್ನು ಕೂರಿಸಿದ್ದವು. ಅಕ್ಷರಶೈಲಿ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದವು ‘ಪಿ’ ಅಕ್ಷರ, ತಲೆಯ ಮೇಲೆ ಗೀಟಿರುವ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ವಿಶೇಷ ‘ಎಸ್’ ಮುಂತಾದುವುಗಳ ಮೆರವಣಿಗೆಯಾಗಿ ಕಾಣಿಸಿಕೊಳ್ಳುತ್ತಿತ್ತು. ಕಡತ ತೆರೆದಾಗ ಈ ವಿಚಿತ್ರ ಸಾಲುಗಳನ್ನು ಕಂಡು ಕೈಚೆಲ್ಲದ ಕನ್ನಡ ಅಧ್ಯಾಪಕರು ಆ ತಲೆಮಾರಿನಲ್ಲಿ ವಿರಳ.

ನಮ್ಮ ಊರ ಹೆಸರಿಗೆ ಬರೋಣ. ನುಡಿಯ ಹಳೆಯ ಸಂಕೇತಕ್ರಮದಲ್ಲಿ ‘ಯಗಟಿ’ಗೆ ಮೂರಲ್ಲ, ಏಳು ಸಂಕೇತಗಳು. ‘ಟಿ’ ಒಂದೇ ಸಂಕೇತ. ‘ಗ’ ಎರಡು: ತಲೆಕಟ್ಟಿಲ್ಲದ ದೇಹ, ಬಳಿಕ ತಲೆಕಟ್ಟು. ‘ಯ’ಕ್ಕೆ ನಾಲ್ಕು: ಒಂದು ಸೊನ್ನೆ, ಒಂದು ಮಧ್ಯಭಾಗ, ತಲೆಕಟ್ಟು, ಕೊನೆಗೆ ಕೊಂಬಿನಂಥ ಬಾಲ. ಈ ಮೊದಲ ಸೊನ್ನೆಯು ಅನುಸ್ವಾರಕ್ಕೆ ಬಳಸುವ ಸಂಕೇತವೇ ಆಗಿದೆ. ಅಂದರೆ ಯಂತ್ರದ ಲೆಕ್ಕದಲ್ಲಿ ಯಗಟಿಯು ಅನುಸ್ವಾರದಿಂದ ಮೊದಲಾಗುವ ಪದ. ಕನ್ನಡದ ಯಾವ ಪದವೂ ಹಾಗೆ ಮೊದಲಾಗಲಾರದೆಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ‘ಮ’ಕಾರದ ಸ್ಥಿತಿಯೂ ಇಂಥದೇ: ‘ವ’ಕಾರದ ಎರಡು ಸಂಕೇತಗಳಿಗೆ ಬಾಲವೊಂದನ್ನು ಸೇರಿಸಿದರೆ ‘ಮ’. ಹೀಗಾಗಿ ‘ವರ’ವನ್ನೂ ‘ಮರ’ವನ್ನೂ ಯಂತ್ರವು ಮೊದಲೆರಡು ಹೆಜ್ಜೆಗಳವರೆಗೆ ಬೇರ್ಪಡಿಸಲಾರದು. ಇಂಥ ಪಠ್ಯವನ್ನು ಅಕಾರಾದಿಯಾಗಿ ಜೋಡಿಸಲು ಹೊರಟ ಗುಮಾಸ್ತನಿಗೆ ದೊರೆಯುತ್ತಿದ್ದ ಪಟ್ಟಿಯ ಕ್ರಮ ಕನ್ನಡದ್ದಲ್ಲ, ಇಂಗ್ಲಿಷಿನದೂ ಅಲ್ಲ. ಹಾಗೆಯೇ, ಪರಿವರ್ತಿಸದ ಪಠ್ಯದಿಂದ ಧ್ವನಿಮಾಗಳ ಆವರ್ತನವನ್ನು ಎಣಿಸಿದರೆ ಅನುಸ್ವಾರದ ಪ್ರಮಾಣವು ಪ್ರತಿಯೊಂದು ‘ಯ’ಕಾರದಿಂದಲೂ ಉಬ್ಬುತ್ತದೆ.

ಇದಕ್ಕೆ ಭಿನ್ನವಾದ ದಾರಿಯೂ ಆಗಲೇ ಇತ್ತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಸಂಕೇತಕ್ರಮವು ಅಕ್ಷರದ ಆಕಾರವನ್ನು ಬಿಟ್ಟು ಅದರ ವರ್ಣಗಳನ್ನು ದಾಖಲಿಸುವ ತತ್ತ್ವದ್ದು. ಅದೇ ವರ್ಷ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯ ಕನ್ನಡ ವಿಭಾಗವೂ ಇಸ್ಕಿಯ 1988ರ ರೂಪವನ್ನು ಆಧರಿಸಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ಇದೇ ತತ್ತ್ವವನ್ನು ಬೆರಳುಗಳ ಮಟ್ಟಕ್ಕೆ ತಂದಿತು: ವ್ಯಂಜನವನ್ನು ಒತ್ತಿ, ಬಳಿಕ ಸ್ವರವನ್ನು ಒತ್ತಿದರೆ ಗುಣಿತಾಕ್ಷರ ತಾನಾಗಿ ಕೂಡುತ್ತದೆ. ಅವರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರ ಛಂದಸ್ಸು ಮತ್ತು ಭಾಷಾವಿಚಾರಗಳನ್ನು ಓದಿದವರಿಗೆ ಈ ನಾಮಕರಣದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಆದರೂ ಬೆರಳುಗಳ ಗೊಂದಲ ತಪ್ಪಲಿಲ್ಲ. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಟ’ಕಾರವು ಇಂಗ್ಲಿಷಿನ ‘ಕ್ಯೂ’ ಕೀಲಿಯಲ್ಲಿದೆ, ‘ಟಿ’ ಕೀಲಿಯಲ್ಲಿರುವುದು ‘ತ’. ಬರಹದ ಲಿಪ್ಯಂತರ ವಿಧಾನದಲ್ಲಿ ದೊಡ್ಡಕ್ಷರದ ‘ಟಿ’ ಒತ್ತಿದರೆ ‘ಟ’, ಚಿಕ್ಕಕ್ಷರದ್ದಾದರೆ ‘ತ’. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಎಫ್’ ಕೀಲಿ ಇಕಾರದ ಗುಡಿಸನ್ನು ಕೊಟ್ಟರೆ, ಕೆ.ಪಿ. ರಾವ್ ವಿನ್ಯಾಸದಲ್ಲಿ ಅದೇ ಕೀಲಿ ಸ್ವರವನ್ನು ಕಳೆದು ಅರ್ಧಾಕ್ಷರ ಮಾಡುತ್ತದೆ. ಒಂದು ಕಚೇರಿಯಲ್ಲಿ ಪಳಗಿದ ಕೈ ಇನ್ನೊಂದು ಕಚೇರಿಯಲ್ಲಿ ‘ಯಗತಿ’ ಎಂದು ಬರೆದರೆ ಅದು ಅಜ್ಞಾನವಲ್ಲ, ಅಭ್ಯಾಸ.

ಈಗ ಇದೆಲ್ಲ ಬಂದು ತಾಗುವ ಜಾಗಕ್ಕೆ ಹೋಗಬಹುದು. ‘ಭೂಮಿ’ ಯೋಜನೆಯಡಿ 2000ದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿ ರದ್ದಾಯಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ದೊರೆಯತೊಡಗಿತು. ಲಂಚ, ವಿಳಂಬ, ತಿದ್ದುಪಡಿಗಳ ಹಳೆಯ ಕಥೆಯನ್ನು ನೆನೆದರೆ ಇದು ಮಹತ್ತರವಾದ ಸುಧಾರಣೆಯೆಂಬುದರಲ್ಲಿ ಸಂಶಯವಿಲ್ಲ. ಭಾಷಾವಿಜ್ಞಾನಿಗೆ ಇಲ್ಲಿ ಕಾಣುವುದು ಇನ್ನೊಂದು ಬದಲಾವಣೆ. ಕೈಬರಹದ ಪಹಣಿಯಲ್ಲಿ ಹೆಸರೊಂದು ವ್ಯಕ್ತಿಯನ್ನು ಸೂಚಿಸುತ್ತಿತ್ತು. ಗಣಕದಲ್ಲಿ ಹೆಸರೆಂದರೆ ಸಂಕೇತಗಳ ಒಂದು ಸರಣಿ.

ಕಡೂರು ಸೀಮೆಯ ಗ್ರಾಮೀಣ ಮಾತಿನಲ್ಲಿ, ದಕ್ಷಿಣ ಕರ್ನಾಟಕದ ಅನೇಕ ಪ್ರಭೇದಗಳಲ್ಲಿ ಇರುವಂತೆಯೇ, ಪದಾದಿಯ ಹಕಾರ ಲೋಪವಾಗುತ್ತದೆ, ಇಕಾರದ ಹಿಂದಿನ ವಕಾರ ಕಳಚುತ್ತದೆ, ಮಹಾಪ್ರಾಣ ನಿಲ್ಲುವುದಿಲ್ಲ, ಶಕಾರ ಸಕಾರವಾಗುತ್ತದೆ. ಹನುಮಂತಪ್ಪ ಅನುಮಂತಪ್ಪನಾಗುತ್ತಾನೆ, ವೀರಣ್ಣ ಈರಣ್ಣನಾಗುತ್ತಾನೆ, ಸಿದ್ಧಪ್ಪ ಸಿದ್ದಪ್ಪನಾಗುತ್ತಾನೆ. ಶಾನುಭೋಗನ ಕಾಲದಲ್ಲಿ ಇವು ಒಂದೇ ಹೆಸರಿನ ಎರಡು ಉಚ್ಚಾರಗಳಾಗಿದ್ದವು. ‘ಈರಣ್ಣ ಬಿನ್ ತಿಮ್ಮಪ್ಪ’ ಎಂದು ಬರೆದಿದ್ದರೆ ಅದು ಯಾವ ಮನೆಯ ವೀರಣ್ಣನೆಂದು ಬರೆದವನಿಗೂ ಬಲ್ಲ, ಓದಿದವನಿಗೂ ಬಲ್ಲ. (ಅರಬ್ಬಿಯ ‘ಬಿನ್’ ಶಬ್ದವು ಎಲ್ಲ ಜಾತಿಮತಗಳ ಕನ್ನಡ ರೈತರ ಹೆಸರಿನ ನಡುವೆ ನೆಲೆಸಿರುವುದೂ ದಫ್ತರದ ಭಾಷೆಯ ಒಂದು ಸ್ವಾರಸ್ಯ. ಹೆಂಗಸರ ಹೆಸರಿನ ಮುಂದೆ ಗಂಡನನ್ನು ಸೂಚಿಸುವ ‘ಕೋಂ’ ಇನ್ನೊಂದು. ಆಡುಮಾತಿನಲ್ಲಿ ಎಂದೂ ಕೇಳದ ಇವೆರಡೂ ಕಾಗದದಲ್ಲಿ ಮಾತ್ರ ಬದುಕಿವೆ.) ಶಾನುಭೋಗಿಕೆ ಹೋಯಿತು, ಅದು ಹೋದದ್ದು ಒಳ್ಳೆಯದೇ. ಆದರೆ ಎರಡು ರೂಪಗಳು ಒಂದೇ ಎಂದು ತೀರ್ಮಾನಿಸುವ ಅಧಿಕಾರವು ಅವನೊಡನೆ ಹೋಗಿ, ಸಂಕೇತಕ್ಕೆ ಸಂಕೇತವನ್ನು ಹೋಲಿಸುವ ಯಂತ್ರದ ಕೈಸೇರಿತು.

2010ರ ಬಳಿಕ ಆಧಾರ್ ಬಂದಾಗ ತೊಡಕು ಇಮ್ಮಡಿಸಿತು. ಪಹಣಿ ಇರುವುದು ಕನ್ನಡದಲ್ಲಿ, ಬ್ಯಾಂಕಿನ ಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಆಧಾರ್ ಎರಡರಲ್ಲಿಯೂ. ಆಧಾರ್ ನೋಂದಣಿಯ ತಂತ್ರಾಂಶವು ಇಂಗ್ಲಿಷಿನಲ್ಲಿ ಬರೆದುದನ್ನು ತಾನೇ ಸ್ಥಳೀಯ ಲಿಪಿಗೆ ತಿರುಗಿಸಿ ತೋರಿಸುತ್ತದೆ. ತಪ್ಪಿದ್ದರೆ ತಿದ್ದುವುದು ಎದುರಿಗೆ ಕುಳಿತ ನಿರ್ವಾಹಕನ ಎಚ್ಚರಕ್ಕೆ ಬಿಟ್ಟದ್ದು. ‘ವೈ, ಎ, ಜಿ, ಎ, ಟಿ, ಐ’ ಎಂಬ ಆರು ರೋಮನ್ ಅಕ್ಷರಗಳನ್ನು ಕನ್ನಡಕ್ಕೆ ಮರಳಿಸುವಾಗ ಎರಡು ಅಕಾರಗಳೂ ಹ್ರಸ್ವವೋ ದೀರ್ಘವೋ ಆಗಬಹುದು, ‘ಟಿ’ ಮೂರ್ಧನ್ಯವೋ ದಂತ್ಯವೋ ಆಗಬಹುದು, ಕೊನೆಯ ಇಕಾರವೂ ಎರಡು ಬಗೆಯಾಗಬಹುದು. ಒಟ್ಟು 16 ರೂಪಗಳು, ಸರಿಯಾದುದು ಒಂದು. ಇದರಲ್ಲಿ ‘ಯಾಗತಿ’ಯಂತಹ ರೂಪವು ಸಂಸ್ಕೃತದ ಛಾಯೆಯುಳ್ಳದ್ದಾದ್ದರಿಂದ ನೋಡಿದವರಿಗೆ ತಪ್ಪೆಂದು ಹೊಳೆಯುವುದೂ ಕಷ್ಟ. ಸುತ್ತಣ ಊರುಗಳ ಗತಿಯೂ ಇಷ್ಟೇ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ರೂಪಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಲಾಯಿತು. ಚಿಕ್ಕಮಗಳೂರಿಗೆ ಕೊನೆಯ ಉಕಾರ ಮರಳಿತು. ಆ ಪಟ್ಟಿಯಲ್ಲಿಲ್ಲದ ಕಡೂರು, ಬೀರೂರುಗಳಿಗೆ ಮರಳಲಿಲ್ಲ. ಒಂದೇ ವಿಳಾಸದ ಎರಡು ಸಾಲುಗಳಲ್ಲಿ ಎರಡು ಬಗೆಯ ಕನ್ನಡ.

2019ರಲ್ಲಿ ಮೊದಲಾದ ಪಿಎಂ-ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಬರಬೇಕಾದರೆ ಪಹಣಿ, ಆಧಾರ್, ಬ್ಯಾಂಕ್ ಮೂರೂ ಒಂದೇ ವ್ಯಕ್ತಿಯನ್ನು ಹೇಳಬೇಕು. ಒಂದರಲ್ಲಿ ಈರಣ್ಣ, ಇನ್ನೊಂದರಲ್ಲಿ ವೀರಣ್ಣ, ಮೂರನೆಯದರಲ್ಲಿ ಊರ ಹೆಸರಿನ ‘ವೈ’ ತಂದೆಯ ಹೆಸರಿನ ‘ಟಿ’ ಸೇರಿದ ವೀರಣ್ಣ ಇದ್ದರೆ, ಮೂವರೂ ತಾನೇ ಎಂದು ಪ್ರಮಾಣಪತ್ರ ತರುವ ಹೊಣೆ ರೈತನದು. ವಕಾರಲೋಪವೆಂಬ ಧ್ವನಿನಿಯಮಕ್ಕೆ ಹೀಗೆ ದಿನಗೂಲಿಯಲ್ಲಿಯೂ ಬಸ್ಸಿನ ಚೀಟಿಯಲ್ಲಿಯೂ ಅಳೆಯಬಹುದಾದ ಬೆಲೆಯೊಂದು ಬಂದಿದೆ.

ಯೂನಿಕೋಡ್ ಇದನ್ನೆಲ್ಲ ಪರಿಹರಿಸಿತೆಂಬ ಮಾತು ಅರ್ಧಸತ್ಯ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡಕ್ಕೆ ದೊರೆತ ಅಕ್ಷರಶೈಲಿಗೆ, ಇದೇ ಜಿಲ್ಲೆಯ ಘಟ್ಟದಲ್ಲಿ ಹುಟ್ಟುವ ತುಂಗೆಯ ಹೆಸರಿತ್ತು. ರಾಜ್ಯ ಸರ್ಕಾರವೂ ಕ್ರಮೇಣ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡಿತು. ಆದರೆ ಹಳೆಯ ಕಡತಗಳನ್ನು ಪರಿವರ್ತಿಸಬೇಕಲ್ಲ. ಆಕಾರಾಧಾರಿತ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು. ಪರಿವರ್ತಕವು ಅದನ್ನು ಹಿಂದಕ್ಕೆ ಸರಿಸುವಲ್ಲಿ ಎಡವಿದಾಗ ಹುಟ್ಟಿದ ರೂಪಗಳು ಅಂತರ್ಜಾಲದಲ್ಲಿ ಇಂದಿಗೂ ಹೇರಳ: ‘ವರ್ಷ’ ‘ವಷರ್’ ಆಗಿದೆ, ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಗಿದೆ, ನಾಡಿನ ಹೆಸರೇ ‘ಕನಾರ್ಟಕ’ವಾಗಿದೆ. ದೊಡ್ಡ ಪಠ್ಯಸಂಚಯದಲ್ಲಿ ಇವು ನೂರಾರು ಬಾರಿ ಬಂದಾಗ, ವರ್ಣಪಲ್ಲಟದ ವ್ಯವಸ್ಥಿತ ನಿದರ್ಶನಗಳೆಂದು ಸಂಶೋಧನಾರ್ಥಿಯೊಬ್ಬರು ಇವನ್ನು ಪಟ್ಟಿಮಾಡುವ ಅಪಾಯ ಕಾಲ್ಪನಿಕವಲ್ಲ. ವ್ಯವಸ್ಥಿತತೆ ಇಲ್ಲಿ ನಿಜವಾಗಿಯೂ ಇದೆ. ಅದು ನಾಲಗೆಯದಲ್ಲ ಅಷ್ಟೆ.

ಇನ್ನು ಕಣ್ಣಿಗೆ ಕಾಣದ ಅಕ್ಷರಗಳು. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತಿನ ಬದಲು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆಯಬೇಕೆಂದರೆ, ನಡುವೆ ಅದೃಶ್ಯವಾದ ಜೋಡಕವೊಂದನ್ನು ಸೇರಿಸಬೇಕು. ಓದುಗನಿಗೆ ಎರಡೂ ಒಂದೇ ಪದ. ಹುಡುಕುವ ಯಂತ್ರಕ್ಕೆ ಎರಡು ಪದ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ರೂಢಿಯೂ ಇದೆ. ಆಕಾರ ಒಂದೇ ಆದ್ದರಿಂದ ತಿದ್ದುವವರ ಕಣ್ಣಿಗೆ ಅದು ಬೀಳುವುದಿಲ್ಲ, ‘ಅಜ್ಜಂಪುರ’ವನ್ನು ಹುಡುಕಿದವರಿಗೆ ಅಜ್ಜಂಪುರ ಸಿಗುವುದಿಲ್ಲ.

ಹಳಗನ್ನಡದ ಅಭ್ಯಾಸಿಗಳಿಗೆ ಇನ್ನೊಂದು ವಿಚಿತ್ರ ಕಾದಿದೆ. ದ್ರಾವಿಡ ಭಾಷಾವಿಜ್ಞಾನದಲ್ಲಿ ಅಷ್ಟೊಂದು ಚರ್ಚೆಗೆ ಒಳಗಾದ ‘ೞ’ಕಾರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು, ಇಂಗ್ಲಿಷಿನ ‘ಎಫ್’ ಧ್ವನಿಯಿಂದ ಮೊದಲಾಗುವ ‘ಫ’. ಇದು ತಪ್ಪೆಂದು ಆ ಸಂಸ್ಥೆಯೇ ಒಪ್ಪಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ಸ್ಥಿರತೆಯ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ತಪ್ಪನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ನಕಾರಪೊಲ್ಲು 2021ರಲ್ಲಿ, 14ನೆಯ ಆವೃತ್ತಿಯಲ್ಲಿ, ಪ್ರತ್ಯೇಕ ಸ್ಥಾನ ಪಡೆಯಿತು. ಅದಕ್ಕೂ ಮುಂಚೆ ಹಳೆಯ ಪಾಠಗಳನ್ನು ಗಣಕಕ್ಕೆ ಏರಿಸಿದವರು ಅದನ್ನು ಸಾಮಾನ್ಯ ಅರ್ಧಾಕ್ಷರ ನಕಾರವಾಗಿಯೋ ಬೇರಾವುದೋ ಚಿಹ್ನೆಯಾಗಿಯೋ ಬರೆದಿರಲೇಬೇಕು. ಆದ್ದರಿಂದ ಗಣಕೀಕೃತ ಪಾಠವೊಂದನ್ನು ಉಲ್ಲೇಖಿಸುವಾಗ ಅದನ್ನು ಯಾವ ವರ್ಷ, ಯಾವ ಸಂಕೇತಕ್ರಮದಲ್ಲಿ, ಯಾವ ಪರಿವರ್ತಕದ ಮೂಲಕ ಸಿದ್ಧಪಡಿಸಲಾಯಿತೆಂಬುದನ್ನು, ಹಸ್ತಪ್ರತಿಗೆ ಓಲೆಯ ವಿವರ ಕೊಡುವಂತೆಯೇ, ನಮೂದಿಸಬೇಕೆಂದು ನಾವು ಸೂಚಿಸುತ್ತೇವೆ. ಪಹಣಿಯ ಹೆಸರುಗಳ ಮಟ್ಟಿಗೂ, ಧ್ವನಿಲೋಪಗಳ ಪಟ್ಟಿಯೊಂದು ಹೋಲಿಕೆಯ ತಂತ್ರಾಂಶದ ಒಳಗಿದ್ದರೆ ಈರಣ್ಣನೂ ವೀರಣ್ಣನೂ ಒಬ್ಬನೇ ಆಗಿರಬಹುದೆಂಬ ಸಂದೇಹವಾದರೂ ಯಂತ್ರಕ್ಕೆ ಬಂದೀತು. ಆ ಪಟ್ಟಿಗೆ ಬೇಕಾದ ಸಾಮಗ್ರಿ ಉಪಭಾಷಾಧ್ಯಯನಗಳಲ್ಲಿ ದಶಕಗಳಿಂದ ಸಿದ್ಧವಾಗಿಯೇ ಇದೆ.