ಭಾಮೆಯ ಸಿಟ್ಟಿಗೆ ನಗುವವರು

1995ರಲ್ಲಿ ನಾನು ಮದರಾಸಿನಲ್ಲಿದ್ದೆ. ನಮ್ಮ ಯಜಮಾನರು ಅಲ್ಲಿ ಊರಿನವರೇ ನಡೆಸುತ್ತಿದ್ದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷ ನಾನು ಅಮಾಸೆಬೈಲಿನಲ್ಲಿ, ಅವರು ಮದರಾಸಿನಲ್ಲಿ. ಕುಂದಾಪುರ ಸೀಮೆಯ ಹೆಂಗಸರಿಗೆ ಇದೇನು ಹೊಸತಲ್ಲ. ಗಂಡಸರು ಹೋಟೆಲು ಕೆಲಸಕ್ಕೆಂದು ಬೊಂಬಾಯಿ, ಮದರಾಸು, ಬೆಂಗಳೂರು ಸೇರುತ್ತಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಮನಿಯಾರ್ಡರಿನ ಜೊತೆಗೆ ಕೆಲವೊಮ್ಮೆ ಗಾಳಿಸುದ್ದಿಯೂ ಊರಿಗೆ ಬರುತ್ತದೆ: 'ಅವನಿಗೆ ಅಲ್ಲೊಂದು ಮನೆ ಇದೆಯಂತೆ.' ಅಂಥ ಒಂದು ಸುದ್ದಿ ನನ್ನ ಕಿವಿಗೂ ಬಿದ್ದ ಮೇಲೆಯೇ, ಮಗುವಿನ ಕಿವಿನೋವಿನ ನೆಪ ಮಾಡಿ ನಾನು ಮದರಾಸಿಗೆ ಹೊರಟದ್ದು. ಆಗ ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯ ಮಾಮಿ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ ಸಿನೆಮಾ 'ಸತಿ ಲೀಲಾವತಿ'. ಬಾಲು ಮಹೇಂದ್ರ ನಿರ್ದೇಶಿಸಿದ್ದು. ನಮ್ಮ ರಮೇಶ್ ಅರವಿಂದರೇ ಅದರಲ್ಲಿ ಗಂಡ. ಹೆಂಡತಿ ಲೀಲಾವತಿಯಾಗಿ ಕಲ್ಪನಾ — ನಮ್ಮ 'ಶರಪಂಜರ'ದ ಕಲ್ಪನಾ ಅಲ್ಲ, ಮಲಯಾಳದ ನಟಿ. ದಪ್ಪ ಮೈಯ, ಮಕ್ಕಳು ಮನೆ ಎಂದು ಬದುಕುವ ಹೆಂಗಸು. ಗಂಡನಿಗೆ ತೆಳ್ಳಗಿನ ಹುಡುಗಿಯೊಬ್ಬಳ ಮೇಲೆ ಮನಸ್ಸಾಗುತ್ತದೆ. ಮನೆಯಲ್ಲಿ ಸುಳ್ಳು ಹೇಳಿ ಅವಳ ಜೊತೆ ಬೆಂಗಳೂರಿಗೆ ಬರುತ್ತಾನೆ. ಅಲ್ಲಿ ಹಳೆಯ ಗೆಳೆಯನಾದ ಡಾಕ್ಟರು, ಅಂದರೆ ಕಮಲಹಾಸನ್, ಹೆಂಡತಿ ಮಗನೊಡನೆ ಗಂಟುಬೀಳುತ್ತಾನೆ. ಆಮೇಲೆ ನಗುವೋ ನಗು. ನನಗೆ ತಮಿಳು ಅರ್ಧ ತಿಳಿಯುತ್ತಿತ್ತು, ಆದರೂ ಮಾಮಿಯ ಜೊತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗುಟ್ಟು ರಟ್ಟಾಗಿ ಲೀಲಾವತಿ ಅಳುವಾಗಲೂ ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದರು. ನನಗೆ ಅಮ್ಮಮ್ಮನ ನೆನಪಾಯಿತು.

ಅಮ್ಮಮ್ಮ ಎಂದರೆ ನನ್ನ ತಾಯಿಯ ತಾಯಿ. ಅಮಾಸೆಬೈಲು ಘಟ್ಟದ ಬುಡದ ಊರು. ಅಜ್ಜ ವ್ಯಾಪಾರವೆಂದು ಘಟ್ಟ ಹತ್ತಿ ತೀರ್ಥಹಳ್ಳಿ ಕಡೆಗೆ ಹೋಗಿ ಬರುತ್ತಿದ್ದರು. 1940ರ ಸುಮಾರಿಗೆ ಒಂದು ಸಲ ಬರುವಾಗ ಜೊತೆಯಲ್ಲಿ ಇನ್ನೊಬ್ಬ ಹೆಂಡತಿಯನ್ನೂ ಕರೆತಂದರು. ಮಕ್ಕಳಾಗಲಿಲ್ಲವೆಂಬ ಕಾರಣವೂ ಇರಲಿಲ್ಲ. ನನ್ನ ಅಮ್ಮ ಆಗ ಮೂರು ವರ್ಷದ ಮಗು. ಹೊಸಬಳು ಕೋಣೆ ಸೇರಿದಳು, ಅಮ್ಮಮ್ಮ ಅಡಿಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡರು. ಮುಂದೆ ಆಕೆಗೆ ಹೆರಿಗೆಯಾದಾಗ ಬಾಣಂತನ ಮಾಡಿದವರೂ ಅಮ್ಮಮ್ಮನೇ. ನಾವು ಮಕ್ಕಳು ಆಕೆಯನ್ನು ಸಣ್ಣಮ್ಮಮ್ಮ ಎಂದು ಕರೆಯುತ್ತಿದ್ದೆವು. ಅವರೂ ಒಳ್ಳೆಯವರೇ. ಅವರಿಬ್ಬರೂ ಜಗಳವಾಡಿದ್ದನ್ನು ಊರು ಕೇಳಿದ್ದಿಲ್ಲ. 'ಅಕ್ಕ ತಂಗಿಯರ ಹಾಗಿದ್ದರು' ಎಂದು ಈಗಲೂ ಹೇಳುವವರಿದ್ದಾರೆ. ಹೇಳುವವರೆಲ್ಲ ಗಂಡಸರು.

ಕೊಯ್ಲು ಮುಗಿದ ಗದ್ದೆಯಲ್ಲಿ ಆಟವಾದರೆ ಅಮ್ಮಮ್ಮ ತಪ್ಪಿಸುತ್ತಿರಲಿಲ್ಲ. ಪಾರಿಜಾತದ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ಮುನಿಯುತ್ತಾಳೆ, ಕೃಷ್ಣ ಇಂದ್ರನ ಜೊತೆ ಕಾದು ಮರವನ್ನೇ ತಂದು ಅವಳ ಅಂಗಳದಲ್ಲಿ ನೆಡುತ್ತಾನೆ. ಹೂವು ಮಾತ್ರ ರುಕ್ಮಿಣಿಯ ಅಂಗಳಕ್ಕೆ ಬೀಳುತ್ತದೆ ಎಂದು ಹೇಳುವವರೂ ಉಂಟು. ಸ್ತ್ರೀವೇಷದ ಗಂಡಸು ಭಾಮೆಯಾಗಿ ಸೆರಗು ಬೀಸಿ, ಮುಖ ತಿರುಗಿಸಿ ಕುಳಿತರೆ ಗದ್ದೆಗೆ ಗದ್ದೆಯೇ ನಗುತ್ತಿತ್ತು. ನಾನೂ ನಕ್ಕಿದ್ದೆ. ಅಮ್ಮಮ್ಮ ನನ್ನ ತೊಡೆಗೆ ಚಿವುಟಿ, "ನೆಗಾಡುಕೆ ಎಂತ ಇತ್ತ್? ಅವ್ಳ್ ಸಂಕ್ಟ ಅವ್ಳಿಗೇ ಗೊತ್ತ್" ಎಂದರು. ಸವತಿಯ ಬಗ್ಗೆ ಅವರ ಬಾಯಿಂದ ನಾನು ಕೇಳಿದ್ದು ಅಷ್ಟೇ.

ಅವರಿಗೆ ಬೇರೆ ದಾರಿಯಿತ್ತೇ ಎಂದು ದೊಡ್ಡವಳಾದ ಮೇಲೆ ಹುಡುಕಿ ನೋಡಿದೆ. ಅಜ್ಜ ಎರಡನೆಯ ಮದುವೆಯಾದಾಗ ಅದು ತಪ್ಪೇ ಅಲ್ಲ. ಗಂಡ ಮತ್ತೊಂದು ಮದುವೆಯಾದರೆ ಹೆಂಡತಿ ಬೇರೆ ವಾಸವಿದ್ದು ಜೀವನಾಂಶ ಕೇಳಬಹುದು ಎಂಬ ಕಾಯಿದೆ ಬಂದದ್ದು 1946ರಲ್ಲಿ. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತಲ್ಲ, ಆ ಪ್ರಾಂತ 1949ರಲ್ಲಿ ಹಿಂದೂ ಗಂಡಸರ ಎರಡನೆಯ ಮದುವೆಯನ್ನು ನಿಷೇಧಿಸಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಮದರಾಸಿನ ಕಾಯಿದೆಯಿಂದ ನಮ್ಮ ಜಿಲ್ಲೆಯ ಹೆಂಗಸರಿಗೆ ಆರು ವರ್ಷ ಮೊದಲೇ ರಕ್ಷಣೆ ಸಿಕ್ಕಿತು ಎನ್ನಬೇಕು. ಆದರೆ ಆಗಿಹೋದ ಮದುವೆಗೆ ಅದರಿಂದೇನು? ಜೀವನಾಂಶಕ್ಕೆಂದು ಕುಂದಾಪುರದ ಕೋರ್ಟಿಗೆ ಹೋಗಲು ಅಮ್ಮಮ್ಮನಿಗೆ ಬಸ್ಸಿನ ದುಡ್ಡು ಕೊಡುವವರೂ ಅಜ್ಜನೇ ಆಗಬೇಕಿತ್ತು!

ನಮ್ಮದು ತಂದೆಯಿಂದ ಮಗನಿಗೆ ಆಸ್ತಿ ಹೋಗುವ ಮನೆತನ. ನೆರೆಯ ಅಳಿಯಸಂತಾನದ ಮನೆಗಳಲ್ಲಿ ಬೇರೆ ಕ್ರಮ. ಅಲ್ಲಿ ಮಗಳು ಹುಟ್ಟಿದ ಮನೆಯ ಹಕ್ಕುದಾರಳು, ಅವಳ ಮಕ್ಕಳೂ ಆ ಮನೆಯವರೇ. ಅಮ್ಮಮ್ಮನ ಗೆಳತಿಯೊಬ್ಬರು ಗಂಡನ ನಡತೆ ಸರಿಬರದೆ ಮಕ್ಕಳನ್ನು ಕರೆದುಕೊಂಡು ತಮ್ಮ ಮನೆಗೆ ಬಂದವರು ತಿರುಗಿ ಹೋಗಲೇ ಇಲ್ಲ. ಯಾರೂ ಹೋಗೆಂದು ಹೇಳಲೂ ಇಲ್ಲವಂತೆ. ಅವರಿಗೇನು ದುಃಖವಿರಲಿಲ್ಲವೆಂದಲ್ಲ. ಆದರೆ ದುಃಖಪಡುವುದಕ್ಕೆ ಅವರದೇ ಒಂದು ಜಗಲಿಯಿತ್ತು.

ಗಂಡಿನ ಅನುಮಾನಕ್ಕೆ ಮಾತ್ರ ನಮ್ಮಲ್ಲಿ ಯಾರೂ ನಗುವುದಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ಪುಟ್ಟಣ್ಣ ಕಣಗಾಲರ 'ಶರಪಂಜರ'ವನ್ನು ನೋಡಿ ನನ್ನ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ತ್ರಿವೇಣಿಯವರ ಕಾದಂಬರಿ ಅದು. ಅವರು 1963ರಲ್ಲೇ ತೀರಿಕೊಂಡಿದ್ದರಿಂದ ಸಿನೆಮಾ ನೋಡುವ ಯೋಗ ಅವರಿಗಿರಲಿಲ್ಲ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಗಂಡ ಹತ್ತಿರ ಸೇರಿಸುವುದಿಲ್ಲ. ಅವಳ ಹಳೆಯ ಬದುಕಿನ ಬಗ್ಗೆ ಅವನಿಗೆ ಸಂಶಯ, ತನಗೋ ಬೇರೊಬ್ಬಳ ಸಂಗ. ಅವನ ಸಂಶಯ ಮನೆಯ ಮಾನದ ಪ್ರಶ್ನೆಯಾಗುತ್ತದೆ. ಭಾಮೆಯ ಸಂಶಯ ಬರೀ ಹೊಟ್ಟೆಕಿಚ್ಚು.

ಕಾನೂನೂ ಹೀಗೇ ಯೋಚಿಸುತ್ತಿತ್ತು ಎಂದು ತಿಳಿದಾಗ ನನಗೆ ಬಹಳ ಸಿಟ್ಟು ಬಂತು. 1860ರ ದಂಡ ಸಂಹಿತೆಯ 497ನೆಯ ಕಲಮಿನ ಪ್ರಕಾರ, ಹೆಂಡತಿ ಪರಪುರುಷನ ಜೊತೆ ಹೋದರೆ ಗಂಡ ಆ ಪುರುಷನ ಮೇಲೆ ದೂರು ಕೊಡಬಹುದಿತ್ತು. ಗಂಡನೇ ಒಪ್ಪಿದ್ದರೆ ಅಪರಾಧವೇ ಇಲ್ಲ! ಗಂಡ ಹೊರಗೆ ಹೋದರೆ ಹೆಂಡತಿ ಆ ಕಲಮಿನಡಿ ಯಾರ ಮೇಲೂ ದೂರುವಂತಿರಲಿಲ್ಲ. ವಿಚ್ಛೇದನದ ದಾರಿ ಆಮೇಲೆ ಬಂತು, ಅದು ಬೇರೆ ಮಾತು. ಹೆಂಡತಿ ಗಂಡನ ಸೊತ್ತಲ್ಲ ಎಂದು ಸುಪ್ರೀಂ ಕೋರ್ಟು ಆ ಕಲಮನ್ನು ರದ್ದುಮಾಡಿದ್ದು 2018ರ ಸೆಪ್ಟೆಂಬರಿನಲ್ಲಿ. ನೂರೈವತ್ತೆಂಟು ವರ್ಷ ಗಂಡಸಿನ ಅಸೂಯೆಗೆ ಒಂದು ಕಲಮು ಇತ್ತು, ಹೆಂಗಸಿನದಕ್ಕೆ ಗದ್ದೆಯ ನಗು.

ಅಂದು ಸಿನೆಮಾ ನೋಡಿ ಬಂದ ರಾತ್ರಿ, ಬಡಿಸುತ್ತಾ ಯಜಮಾನರನ್ನು ಕೇಳಿಯೇಬಿಟ್ಟೆ: "ನಾನು ಊರಲ್ಲಿದ್ದಾಗ ನಿಮಗೂ ಇಲ್ಲಿ ಯಾರಾದರೂ ಇದ್ದರಾ?" ಅವರು ನಕ್ಕರು. ನಾನು ನಗಲಿಲ್ಲ. ಸ್ವಲ್ಪ ಹೊತ್ತು ಕಾದು ಮತ್ತೆ ಅದನ್ನೇ ಕೇಳಿದೆ. ಆಗ ಅವರು ಕೈತೊಳೆದು ಬಂದು ಕುಳಿತು, ಸುದ್ದಿ ಯಾರಿಂದ ಹುಟ್ಟಿತು, ಯಾಕೆ ಹುಟ್ಟಿತು ಎಲ್ಲ ಹೇಳಿದರು. ನಂಬಿದೆ. ಆಮೇಲೆ ಒಬ್ಬಳೇ ಊರಿಗೆ ಮರಳಲು ಮಾತ್ರ ನಾನು ಒಪ್ಪಲಿಲ್ಲ. ಸಂಬಳ ಸಾಲದಿದ್ದರೂ ಆ ಒಂದೇ ಕೋಣೆಯ ಮನೆಯಲ್ಲಿ ಆರು ವರ್ಷ ಸಂಸಾರ ಮಾಡಿ, ಊರಿಗೆ ಬರುವಾಗ ಇಬ್ಬರೂ ಕೂಡಿಯೇ ಬಂದೆವು.

ಅದೇ ಸಿನೆಮಾ 2005ರಲ್ಲಿ ಕನ್ನಡಕ್ಕೆ ಬಂತು, 'ರಾಮ ಶಾಮ ಭಾಮ' ಎಂದು. ರಮೇಶ್ ಅರವಿಂದರ ಮೊದಲ ನಿರ್ದೇಶನ. ಕಮಲಹಾಸನ್ ಉತ್ತರ ಕರ್ನಾಟಕದ ಕನ್ನಡ ಮಾತಾಡಿ ಎಲ್ಲರನ್ನೂ ನಗಿಸಿದರು. ಮುಂದೆ ಟಿ.ವಿ.ಯಲ್ಲಿ ಹಾಕಿದಾಗ ಅಮಾಸೆಬೈಲಿನ ಮನೆಯಲ್ಲಿ ಅಮ್ಮನ ಜೊತೆ ಕೂತು ನೋಡಿದೆ. ಅಮ್ಮ ಚೆನ್ನಾಗಿಯೇ ನಕ್ಕರು. ಕೊನೆಗೆ ಗಂಡ ಮನೆಗೆ ತಿರುಗಿ ಬಂದಾಗ, "ಬಂದ್ನಲೆ, ಸಾಕಾ?" ಎಂದು ಟಿ.ವಿ.ಗೇ ಕೇಳಿದರು.

ಆಮೇಲೆ, ನಾನು ಕೇಳದೆಯೇ, ಅಮ್ಮ ಒಂದು ಸಂಗತಿ ಹೇಳಿದರು. ಸಣ್ಣಮ್ಮಮ್ಮ ಮನೆಗೆ ಬಂದು ಎಂಟು ದಿನವಾಗಿರಬಹುದು, ಅಮ್ಮಮ್ಮ ಬೆಳಕು ಹರಿಯುವ ಮೊದಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಕಾಡುದಾರಿ ಹಿಡಿದು ತವರಿಗೆ ನಡೆದರಂತೆ. ಅಲ್ಲಿ ಮೂರು ದಿನ ಇದ್ದರು. ನಾಲ್ಕನೆಯ ದಿನ ಅವರ ಅಣ್ಣನೇ ಮುಂದೆ ನಡೆದು, ವಾಪಸು ಕರೆತಂದು ಬಿಟ್ಟು ಹೋದರು. ಅಮ್ಮನಿಗೆ ನೆನಪಿರುವುದು ದಾರಿಯಲ್ಲಿ ಮಾವ ಕೊಡಿಸಿದ ಬೆಲ್ಲದ ಮಿಠಾಯಿ, ಮತ್ತೆ, ಮನೆಯ ದಣಪೆಯ ಹತ್ತಿರ ಬಂದಾಗ ಅಮ್ಮಮ್ಮ ನಿಂತುಬಿಟ್ಟದ್ದು. ಎಷ್ಟು ಹೊತ್ತೆಂದು ಅಮ್ಮನಿಗೆ ತಿಳಿಯದು. ಮಿಠಾಯಿ ಕರಗಿ ಮುಗಿಯುವವರೆಗೂ ಅಲ್ಲೇ ನಿಂತಿದ್ದರಂತೆ.