ಬ್ರೆಂಡನ್ನನ ಸಮುದ್ರಯಾನ: ಗ್ರಂಥ, ದೋಣಿ, ಗಾನ

ಕಥೆಯು ಬೇರೆ, ಚರಿತ್ರೆಯು ಬೇರೆ. ಆದರೂ ಕಥೆಯ ಗರ್ಭದಲ್ಲಿ ಚರಿತ್ರೆಯು ಅಡಗಿರಬಹುದೆಂಬ ಆಶೆಯನ್ನು ಸಂಶೋಧಕನು ಸುಲಭವಾಗಿ ಬಿಡಲಾರನು. ಈ ಆಶೆಯ ಬಲವನ್ನೂ ಮಿತಿಯನ್ನೂ ತಿಳಿಯುವುದಕ್ಕೆ ಐರ್ಲೆಂಡಿನ ಸಂತ ಬ್ರೆಂಡನ್ನನ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

ಬ್ರೆಂಡನ್ನನು ಕ್ರಿ. ಶ. 6ನೆಯ ಶತಮಾನದವನು. ಆತನು ಸನ್ಯಾಸಿಗಳೊಡನೆ ಚರ್ಮದ ದೋಣಿಯನ್ನೇರಿ, ಪಡುವಣ ಸಾಗರದಲ್ಲಿ ಏಳು ವರ್ಷ ಅಲೆದು, ಸಂತರಿಗೆ ವಾಗ್ದತ್ತವಾದ ಭೂಮಿಯನ್ನು ಕಂಡನೆಂದು ‘ನಾವಿಗಾಟಿಯೊ’ ಎಂಬ ಲ್ಯಾಟಿನ್ ಗ್ರಂಥವು ಹೇಳುವುದು. ಇದರ ಹಸ್ತಪ್ರತಿಗಳು ನೂರಕ್ಕೂ ಮಿಕ್ಕು ಉಳಿದಿವೆ. ಆದರೆ ಗ್ರಂಥವು ಬ್ರೆಂಡನ್ನನ ಕಾಲಕ್ಕಿಂತ ಬಹಳ ಈಚಿನದು. ಸನ್ಯಾಸಿಗಳು ದ್ವೀಪವೆಂದು ಭ್ರಮಿಸಿ ಮಹಾಮತ್ಸ್ಯದ ಬೆನ್ನಮೇಲೆ ಬೆಂಕಿ ಹೊತ್ತಿಸಿದ ಕಥೆಯೂ ಇದರಲ್ಲುಂಟು. ಮರದ ಚೌಕಟ್ಟಿಗೆ, ಓಕ್ ತೊಗಟೆಯಲ್ಲಿ ಹದಮಾಡಿದ ಎತ್ತಿನ ಚರ್ಮವನ್ನು ಹೊದಿಸಿ ದೋಣಿ ಕಟ್ಟಿದ ಬಗೆಯೂ ಉಂಟು. ಮೊದಲನೆಯದು ಪುರಾಣ, ಎರಡನೆಯದು ಕುಶಲಕರ್ಮಿಯ ಮಾತು.

ಈ ಎರಡನೆಯ ಮಾತನ್ನೇ ಹಿಡಿದು ಟಿಮ್ ಸೆವೆರಿನ್ ಎಂಬ ಲೇಖಕರು 49 ಚರ್ಮಗಳಿಂದ 36 ಅಡಿ ಉದ್ದದ ದೋಣಿಯನ್ನು ಮಾಡಿಸಿದರು. 1976ರ ಮೇ ತಿಂಗಳಲ್ಲಿ ಐರ್ಲೆಂಡಿನ ಕೆರಿ ಸೀಮೆಯಿಂದ ಹೊರಟು, ಹೆಬ್ರಿಡೀಸ್, ಫ್ಯಾರೋ ದ್ವೀಪಗಳನ್ನು ಹಾದು ಐಸ್‌ಲೆಂಡನ್ನು ಸೇರಿದರು. ಮರುವರ್ಷ ಲ್ಯಾಬ್ರಡಾರಿನ ಕಡೆಯ ಸಮುದ್ರದಲ್ಲಿ ಹಿಮಗಡ್ಡೆಯು ತಗುಲಿ ದೋಣಿಯ ಚರ್ಮವು ಹರಿಯಿತು. ನಾವಿಕರು ಕೊರೆಯುವ ನೀರಿಗೆ ಕೈಯಿಳಿಸಿ ಚರ್ಮದ ತೇಪೆಯನ್ನು ಹೊಲಿದರು. ಮರದ ದೋಣಿಗಾಗಿದ್ದರೆ ಇಂಥ ದುರಸ್ತಿಯು ಅಲ್ಲಿ ಸುಲಭಸಾಧ್ಯವಾಗುತ್ತಿರಲಿಲ್ಲ. 1977ರ ಜೂನ್ 26ರಂದು ಅವರು ನ್ಯೂಫೌಂಡ್‌ಲೆಂಡನ್ನು ಮುಟ್ಟಿದರು.

1980ರಲ್ಲಿ ಷಾನ್ ಡೇವಿಯವರು ಈ ಯಾನವನ್ನು ‘ದ ಬ್ರೆಂಡನ್ ವಾಯೇಜ್’ ಎಂಬ ಗಾನಮುದ್ರಿಕೆಯಾಗಿ ರಚಿಸಿದರು. 1974ರಲ್ಲಿ ರಿಕ್ ವೇಕ್‌ಮನ್ನರು ಜೂಲ್ಸ್ ವೆರ್ನನ ಭೂಗರ್ಭಯಾತ್ರೆಯ ಕಾದಂಬರಿಯನ್ನು ರಾಕ್ ಸಂಗೀತಕ್ಕೆ ಅಳವಡಿಸಿದಾಗ ಕಥೆ ಹೇಳಲು ನಿರೂಪಕನೊಬ್ಬನನ್ನು ಇರಿಸಿದ್ದರು. ಡೇವಿಯವರಾದರೋ ಮಾತನ್ನೇ ತೊರೆದರು. ಮೊಳಕೈಯಿಂದ ತಿದಿಯೊತ್ತಿ ನುಡಿಸುವ ಐರಿಷ್ ಪೈಪೇ ಇಲ್ಲಿ ದೋಣಿ, ವಾದ್ಯವೃಂದವೇ ಸಮುದ್ರ. ಲಿಯಮ್ ಓಫ್ಲಿನ್ನರು ನುಡಿಸಿದ ಆ ಒಂಟಿ ಪೈಪು, ಬಿರುಗಾಳಿಯ ಭಾಗದಲ್ಲಿ ವೃಂದದ ಘೋಷಕ್ಕೆ ಎದುರಾಗಿ ನಿಲ್ಲುವುದು.

ಇವುಗಳಿಂದ ಸಿದ್ಧವಾಗುವುದೇನು? ಚರ್ಮದ ದೋಣಿಯು ಅಟ್ಲಾಂಟಿಕ್ ಸಾಗರವನ್ನು ದಾಟಬಲ್ಲುದೆಂಬಷ್ಟೇ, ಬ್ರೆಂಡನ್ನನು ದಾಟಿದನೆಂದಲ್ಲ. ಅದೇ ನ್ಯೂಫೌಂಡ್‌ಲೆಂಡಿನ ಲಾನ್ಸ್ ಓ ಮೆಡೋಸ್ ಎಂಬಲ್ಲಿ 1960ರಲ್ಲಿ ಗೋಚರಿಸಿದ ನಿವೇಶನವನ್ನು ಅಗೆದಾಗ ನಾರ್ಸ್ ಜನರ ಮನೆಗಳ ಅವಶೇಷಗಳು ದೊರೆತುವು. ಅವರ ವೀರಕಥೆಗಳಿಗೆ ನೆಲವೇ ಸಾಕ್ಷಿ ನುಡಿಯಿತು. ಬ್ರೆಂಡನ್ನನಿಗೆ ಅಂಥ ಸಾಕ್ಷಿಯಿಲ್ಲ. ಸಂಭವವನ್ನು ಸಂಭವಿಸಿತೆಂದು ಬರೆಯುವ ಅಧಿಕಾರವು ಚರಿತ್ರಕಾರನಿಗೆ ಇಲ್ಲವಷ್ಟೆ.

ಆದರೂ ಆ ದೋಣಿಯ ಪ್ರಯೋಗವು ವ್ಯರ್ಥವಲ್ಲ. ಹಳೆಯ ಲೇಖಕನು ದೋಣಿಯ ವಿಷಯದಲ್ಲಿ ತಿಳಿದೇ ಬರೆದನೆಂಬುದನ್ನು ಅದು ತೋರಿಸಿತು. ಗಾನವಾದರೋ ಪ್ರಮಾಣವೆನಿಸಿಕೊಳ್ಳಲು ಬಯಸದೆ, ಅಂಥ ಯಾನದ ಏಕಾಂತವನ್ನು ಕಿವಿಗೆ ತಂದಿತು. ಮೂರನ್ನೂ ಅವುಗಳ ಸ್ಥಾನದಲ್ಲಿರಿಸಿ ಗೌರವಿಸುವುದೇ ವಿವೇಕವು.